ಬ್ರೈಟನ್ ಬೀಚ್: ರಷ್ಯನ್ನರೇ ಕಡಿಮೆ ಇರುವ ರಷ್ಯನ್ ಕೇರಿ

ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ದಕ್ಷಿಣ ಅಂಚಿನಲ್ಲಿ ಬ್ರೈಟನ್ ಬೀಚ್ ಅವೆನ್ಯೂ ಎಂಬ ರಸ್ತೆಯಿದೆ. ತಲೆಯ ಮೇಲೆ ಕಬ್ಬಿಣದ ಕಂಬಗಳ ಮೇಲೇರಿದ ರೈಲು ಹಳಿ, ಕೆಳಗೆ ಸಾಲು ಅಂಗಡಿ. ಅಲ್ಲಿನ ಯಾವ ದಿನಸಿ ಅಂಗಡಿಯ ಸಾಸೇಜು ಕೌಂಟರಿನ ಮುಂದೆ ನಿಂತರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕಿವಿಗೆ ಬೀಳುತ್ತದೆ: 'ವಾಮ್ ಪೊಸ್ಲಾಯ್ಸಿತ್, ಇಲಿ ಪೀಸೊಮ್?' ತೆಳ್ಳಗೆ ಹೆಚ್ಚಿಕೊಡಲೋ, ಇಡೀ ತುಂಡು ಕೊಡಲೋ ಎಂದು ಅರ್ಥ. ಇಂಗ್ಲಿಷಿನ 'ಸ್ಲೈಸ್' ಮತ್ತು 'ಪೀಸ್' ಪದಗಳಿಗೆ ರಷ್ಯನ್ ಪ್ರತ್ಯಯ ಹಚ್ಚಿದರೆ ಈ ವಾಕ್ಯ ಸಿದ್ಧ. 'ಕಟ್ ಮಾಡ್ಲಾ, ಹಂಗೇ ಪ್ಯಾಕ್ ಮಾಡ್ಲಾ?' ಎಂದು ಕೇಳುವ ನಮ್ಮ ಬೇಕರಿಗಳಲ್ಲಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅಚ್ಚರಿ ಪಡುವವರು ಮಾಸ್ಕೋದಿಂದ ನಿನ್ನೆ ಬಂದಿಳಿದವರು. ಅವರಿಗೆ ಈ ಪ್ರಶ್ನೆ ಥಟ್ಟನೆ ಅರ್ಥವಾಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಕೌಂಟರಿನ ಈಚೆ–ಆಚೆ ಯಾರಿದ್ದಾರೆ ಎಂಬುದು. ಕೇಳುತ್ತಿರುವ ಹೆಂಗಸು ಉಜ್ಬೇಕಿಸ್ತಾನದ ಸಮರಕಂದದವಳಾಗಿರಬಹುದು. ಉತ್ತರಿಸುವ ಅಜ್ಜಿ ಉಕ್ರೇನಿನ ಒಡೆಸ್ಸಾದ ಯಹೂದಿಯಾಗಿರಬಹುದು. ಅಜ್ಜಿಯ ಹಿಂದೆ ನಿಂತವನು ಜಾರ್ಜಿಯಾದವನೋ, ಮಾಲ್ಡೋವಾದವನೋ. ಜನಾಂಗದ ಲೆಕ್ಕದಲ್ಲಿ ಇವರಲ್ಲಿ ಒಬ್ಬರೂ ರಷ್ಯನ್ ಅಲ್ಲ. ಆದರೂ ಹೊರಗಿನವರಿಗೆ ಇದು 'ರಷ್ಯನ್ ಏರಿಯಾ'. ಉಕ್ರೇನ್ ಯುದ್ಧ ಶುರುವಾದ ಮೇಲೆ ಈ ಒಂದು ಪದ ಇಲ್ಲಿನವರನ್ನು ಬಹಳ ಕಾಡಿದೆ.

ಈ ಕೇರಿಯನ್ನು ಹಿಡಿದಿಟ್ಟಿರುವುದು ತಾಯ್ನಾಡಿನ ಹಂಬಲ ಎಂದು ಪ್ರವಾಸಿ ಬರಹಗಳು ಹೇಳುತ್ತಲೇ ಬಂದಿವೆ. ಅದು ಅರ್ಧ ಸತ್ಯ. ರಷ್ಯನ್ ಭಾಷೆಯಲ್ಲೇ ವೈದ್ಯರನ್ನು ಕಾಣುವ, ಬಾಡಿಗೆ ಮಾತಾಡುವ, ಸರ್ಕಾರಿ ಅರ್ಜಿ ತುಂಬುವ ಅನುಕೂಲ ಇಲ್ಲಿದೆ. ಕೇರಿ ನಿಂತಿರುವುದು ಅದರ ಮೇಲೆ. ಈಗ ಅಲುಗಾಡುತ್ತಿರುವುದೂ ಅದೇ.

ಐದನೇ ಸಾಲು

ಸೋವಿಯತ್ ಆಂತರಿಕ ಪಾಸ್‌ಪೋರ್ಟಿನಲ್ಲಿ ಹೆಸರು, ಹುಟ್ಟಿದ ದಿನದ ಜೊತೆಗೆ 'ರಾಷ್ಟ್ರೀಯತೆ' ಎಂಬ ಕಲಮು ಇರುತ್ತಿತ್ತು. ಜನ ಅದನ್ನು 'ಐದನೇ ಸಾಲು' ಎಂದು ಕರೆಯುತ್ತಿದ್ದರು. ಅಲ್ಲಿ ರಷ್ಯನ್, ಉಕ್ರೇನಿಯನ್, ಉಜ್ಬೆಕ್, ಯಹೂದಿ ಎಂದು ಬರೆಯುತ್ತಿದ್ದರು. 'ಯಹೂದಿ' ಎಂದು ಬರೆಸಿಕೊಂಡವರಿಗೆ ಕೆಲವು ವಿಶ್ವವಿದ್ಯಾಲಯಗಳ, ಕೆಲವು ಹುದ್ದೆಗಳ ಬಾಗಿಲು ಸದ್ದಿಲ್ಲದೆ ಮುಚ್ಚುತ್ತಿತ್ತು. ಅದೇ ಜನ ಬ್ರೂಕ್ಲಿನ್ನಿಗೆ ಬಂದಿಳಿದ ದಿನವೇ 'ರಷ್ಯನ್ನರು' ಆದರು. ಅಲ್ಲಿ ಬೇಡಿದರೂ ಸಿಗದ ಹೆಸರು ಇಲ್ಲಿ ಬೇಡವೆಂದರೂ ಅಂಟಿಕೊಂಡಿತು.

ಅವರು ಬಂದ ದಾರಿ ಸುತ್ತುಬಳಸಿನದು. ವಲಸೆಗೆ ತಡೆಯೊಡ್ಡುವ ಕಮ್ಯುನಿಸ್ಟ್ ದೇಶಗಳಿಗೆ ವ್ಯಾಪಾರದ ರಿಯಾಯಿತಿ ಇಲ್ಲ ಎಂಬ ಜಾಕ್ಸನ್–ವಾನಿಕ್ ತಿದ್ದುಪಡಿ ಅಮೆರಿಕದ 1974ರ ವ್ಯಾಪಾರ ಕಾಯ್ದೆಯಲ್ಲಿ ಸೇರಿತು. ಸೋವಿಯತ್ ಸರ್ಕಾರ ಆಗ ಬಾಗಿಲನ್ನು ಒಮ್ಮೆ ತೆರೆಯುತ್ತ ಒಮ್ಮೆ ಮುಚ್ಚುತ್ತ ಇತ್ತು. ಹೊರಡುವವರ ಕೈಯಲ್ಲಿದ್ದ ಅನುಮತಿ ಇಸ್ರೇಲಿಗೆ ಮಾತ್ರ. ರೈಲಿನಲ್ಲಿ ವಿಯೆನ್ನಾ ತಲುಪಿದ ಮೇಲೆ ಹಲವರು 'ನಮಗೆ ಅಮೆರಿಕ' ಎನ್ನುತ್ತಿದ್ದರು. ಅಂಥವರನ್ನು ಇಟಲಿಗೆ ಕಳಿಸುತ್ತಿದ್ದರು. ರೋಮ್ ಬಳಿಯ ಲಾದಿಸ್ಪೋಲಿ ಎಂಬ ಕಡಲತೀರದ ಪಟ್ಟಣದಲ್ಲಿ ತಿಂಗಳುಗಟ್ಟಲೆ ವೀಸಾಕ್ಕೆ ಕಾಯಬೇಕಿತ್ತು. 1979 ಒಂದೇ ವರ್ಷದಲ್ಲಿ ಸುಮಾರು 51,000 ಯಹೂದಿಗಳು ಸೋವಿಯತ್ ಒಕ್ಕೂಟ ಬಿಟ್ಟರು. ಅಫ್ಘಾನಿಸ್ತಾನಕ್ಕೆ ಸೇನೆ ನುಗ್ಗಿದ ಮೇಲೆ ಸಂಬಂಧ ಹಳಸಿ, 1980ರ ದಶಕದ ಮಧ್ಯದ ಹೊತ್ತಿಗೆ ಆ ಸಂಖ್ಯೆ ವರ್ಷಕ್ಕೆ ಸಾವಿರದ ಆಸುಪಾಸಿಗೆ ಕುಸಿಯಿತು. 1989ರ ಲಾಟೆನ್‌ಬರ್ಗ್ ತಿದ್ದುಪಡಿ ನಿರಾಶ್ರಿತ ಸ್ಥಾನ ಪಡೆಯುವುದನ್ನು ಸುಲಭ ಮಾಡಿದ ಮೇಲೆ ಎರಡನೇ ಅಲೆ ಬಂತು.

ಬ್ರೈಟನ್ ಬೀಚೇ ಯಾಕೆ? ಒಡೆಸ್ಸಾದವರಿಗೆ ಕಡಲು ಬೇಕಿತ್ತು ಎಂಬುದು ಎಲ್ಲರೂ ಹೇಳುವ ಕಾರಣ. ಕಡಲಿಗಿಂತ ಬಲವಾದ ಕಾರಣ ಖಾಲಿ ಮನೆಗಳು. 1970ರ ದಶಕದ ನಡುವೆ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿನಲ್ಲಿತ್ತು. ಇಲ್ಲಿನ ಹಳೆಯ ಯಹೂದಿ ಕುಟುಂಬಗಳು ಉಪನಗರಗಳಿಗೋ ಫ್ಲಾರಿಡಾಕ್ಕೋ ಹೊರಟಿದ್ದವು. ಆರಂತಸ್ತಿನ ಇಟ್ಟಿಗೆ ಕಟ್ಟಡಗಳಲ್ಲಿ ಬಾಡಿಗೆಗೆ ಜನ ಸಿಕ್ಕಿದರೆ ಸಾಕು ಎಂದು ಮಾಲೀಕರು ಕಾಯುತ್ತಿದ್ದರು. ಉಳಿದುಕೊಂಡಿದ್ದ ಮುದುಕರಿಗೂ ಹೊಸದಾಗಿ ಬಂದ ಅಜ್ಜ–ಅಜ್ಜಿಯರಿಗೂ ನಡುವೆ ಪೂರ್ವ ಯುರೋಪಿನ ಯಹೂದಿಗಳ ಹಳೆಯ ಮನೆಮಾತಾದ ಯಿಡ್ಡಿಷ್ ಭಾಷೆಯ ಸೇತುವೆಯಿತ್ತು. ಮ್ಯಾನ್‌ಹಟನ್‌ಗೆ ನೇರ ರೈಲಿತ್ತು. ವಲಸಿಗರಿಗೆ ನೆರವಾಗುವ ಯಹೂದಿ ಸಂಸ್ಥೆಗಳು ಒಂದು ಕುಟುಂಬಕ್ಕೆ ಮನೆ ಹುಡುಕಿಕೊಟ್ಟರೆ ಅವರ ಹಿಂದೆ ಹತ್ತು ಕುಟುಂಬ ಬರುತ್ತಿತ್ತು. ಕೇರಿಗೆ 'ಪುಟ್ಟ ಒಡೆಸ್ಸಾ' ಎಂಬ ಹೆಸರು ಬಿದ್ದದ್ದು ಹೀಗೆ.

ಮೂರನೆಯ ಅಲೆಯ ಬಗ್ಗೆ ಬರೆದವರು ಕಡಿಮೆ. ಪ್ರತಿವರ್ಷ 55,000ದವರೆಗೆ ವೀಸಾ ಹಂಚುವ 'ಗ್ರೀನ್ ಕಾರ್ಡ್ ಲಾಟರಿ' 1990ರ ದಶಕದಲ್ಲಿ ಶುರುವಾಯಿತು. ವಲಸಿಗರ ಸಂಖ್ಯೆ ಈಗಾಗಲೇ ಹೆಚ್ಚಿರುವ ಭಾರತದಂಥ ದೇಶಗಳಿಗೆ ಅದರಲ್ಲಿ ಪ್ರವೇಶವಿಲ್ಲ. ಉಜ್ಬೇಕಿಸ್ತಾನಕ್ಕೆ ಇತ್ತು, ಅಲ್ಲಿನವರು ದೊಡ್ಡ ಸಂಖ್ಯೆಯಲ್ಲಿ ಗೆದ್ದರು. ಮುಸ್ಲಿಮರಾದ ಉಜ್ಬೆಕರು, ತಾಜಿಕರು ಹೀಗೆ ಯಹೂದಿ ಕೇರಿಗೆ ಬಂದು ನೆಲೆಯೂರಿದರು. ಕಾರಣ ಸರಳ: ಕೆಲಸ ಕೊಡುವವನ ಜೊತೆ ರಷ್ಯನ್ನಿನಲ್ಲಿ ಮಾತಾಡಬಹುದಿತ್ತು.

ಬೋರ್ಡು ಬದಲಾಯಿತು, ಕಪಾಟೂ ಬದಲಾಯಿತು

2022ರ ಫೆಬ್ರುವರಿ 24ರ ನಂತರದ ವಾರಗಳಲ್ಲಿ ಇಲ್ಲಿ ಎದ್ದು ಕಂಡ ಬದಲಾವಣೆ ಒಂದು ನಾಮಫಲಕದ್ದು. 'ಟೇಸ್ಟ್ ಆಫ್ ರಷ್ಯಾ' ಎಂಬ ದಿನಸಿ ಅಂಗಡಿ ತನ್ನ ಬೋರ್ಡನ್ನು ಇಳಿಸಿ 'ಇಂಟರ್‌ನ್ಯಾಷನಲ್ ಫುಡ್' ಎಂದು ಹಾಕಿಕೊಂಡಿತು. ಅದೇ ವರ್ಷ ಬ್ರೈಟನ್ ಬೀಚ್ ಅವೆನ್ಯೂ ಮತ್ತು ಕೋನಿ ಐಲೆಂಡ್ ಅವೆನ್ಯೂ ಕೂಡುವ ಮೂಲೆಗೆ ನಗರಾಡಳಿತ 'ಯುಕ್ರೇನಿಯನ್ ವೇ' ಎಂಬ ಎರಡನೇ ಹೆಸರು ಕೊಟ್ಟಿತು. ಪತ್ರಿಕೆಗಳಿಗೆ ಇಷ್ಟೇ ಸಾಕಾಯಿತು. ಅಂಗಡಿಯ ಒಳಗಿನ ಕಪಾಟುಗಳಲ್ಲಿ ಆದದ್ದು ಇದಕ್ಕಿಂತ ಸ್ವಾರಸ್ಯದ್ದು.

2022ರ ಮಾರ್ಚ್ 11ರಂದು ಹೊರಟ ಅಧ್ಯಕ್ಷೀಯ ಆದೇಶ 14068 ರಷ್ಯಾದ ಮೀನು, ಕಡಲ ಉತ್ಪನ್ನ, ಮದ್ಯ, ವಜ್ರಗಳ ಆಮದನ್ನು ನಿಷೇಧಿಸಿತು. ಮೀನಿನ ಮೊಟ್ಟೆ ಅಂದರೆ ಕ್ಯಾವಿಯಾರ್ ಈ ಪಟ್ಟಿಯಲ್ಲೇ ಬರುತ್ತದೆ. ಹಾಗಾಗಿ ಇವತ್ತು ಡಬ್ಬಿಯ ಮೇಲಿನ ಅಕ್ಷರ ರಷ್ಯನ್ ಆಗಿದ್ದರೂ ಒಳಗಿನದು ಅಲ್ಲಿಯದಲ್ಲ. ಕೆಂಪು ಕ್ಯಾವಿಯಾರ್ ಸಾಲ್ಮನ್ ಮೀನಿನದು. ಅಲಾಸ್ಕಾದ್ದು ಸುಲಭವಾಗಿ ಸಿಗುತ್ತದೆ. ಕಪ್ಪು ಕ್ಯಾವಿಯಾರ್ ಸ್ಟರ್ಜನ್ ಮೀನಿನದು, ಬಹುಪಾಲು ಸಾಕಾಣಿಕೆ ಕೊಳಗಳಿಂದ ಬರುತ್ತದೆ. ಕ್ಯಾಸ್ಪಿಯನ್ ಸಮುದ್ರದ ಬೆಲುಗಾ ಜಾತಿಯ ಆಮದಿಗಂತೂ ಅಮೆರಿಕದಲ್ಲಿ 2005ರಿಂದಲೇ ನಿಷೇಧವಿದೆ. 'ಕ್ಯಾಸ್ಪಿಯನ್ ಬೆಲುಗಾ' ಎಂದು ಯಾರಾದರೂ ಕೈಗಿತ್ತರೆ ಒಂದೋ ಅದು ಬೆಲುಗಾ ಅಲ್ಲ, ಇಲ್ಲವೇ ಕಾನೂನಿನ ಕಣ್ತಪ್ಪಿಸಿ ಬಂದದ್ದು. ಉಳಿದ ಪೊಟ್ಟಣಗಳ ಹಿಂಬದಿ ಓದುತ್ತ ಹೋದರೆ ಲಾಟ್ವಿಯಾ, ಲಿಥುವೇನಿಯಾ, ಪೋಲೆಂಡ್, ಜರ್ಮನಿ, ಜಾರ್ಜಿಯಾ, ಉಕ್ರೇನ್ ಸಿಗುತ್ತವೆ. ಬ್ರೂಕ್ಲಿನ್ನಿನಲ್ಲೇ ತಯಾರಾದ ಉಪ್ಪಿನಕಾಯಿ, ಸಾಸೇಜುಗಳಿಗೂ ಕೊರತೆಯಿಲ್ಲ.

ಹಣ ಕಳಿಸುವ ದಾರಿಯೂ ತುಂಡಾಯಿತು. ವೆಸ್ಟರ್ನ್ ಯೂನಿಯನ್ ರಷ್ಯಾ, ಬೆಲರೂಸಿನ ವ್ಯವಹಾರ ನಿಲ್ಲಿಸಿತು. ರಷ್ಯಾದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರ ಮಾರ್ಚಿನಿಂದ ದೇಶದ ಹೊರಗೆ ನಡೆಯುತ್ತಿಲ್ಲ. ನೇರ ವಿಮಾನವಿಲ್ಲ, ಇಸ್ತಾಂಬುಲ್, ದುಬೈ ಅಥವಾ ಯೆರೆವಾನ್ ಸುತ್ತಿ ಹೋಗಬೇಕು. ಮಾಸ್ಕೋದಲ್ಲಿರುವ ಅಕ್ಕನಿಗೆ ಔಷಧಿಗೆಂದು ನೂರು ಡಾಲರ್ ಕಳಿಸುವುದೂ ಈಗ ಗುರುತಿನವರ ಕೈಯಲ್ಲಿ ನಗದು ಕೊಟ್ಟು ಕಳಿಸುವ ಹಳೇ ಕಾಲಕ್ಕೆ ಮರಳಿದೆ.

ಬಿರುಕು ಕಾಣಬೇಕಾದರೆ ಮೇ 9ರಂದು ಬರಬೇಕು. ನಾಜಿಗಳ ವಿರುದ್ಧದ ಗೆಲುವಿನ ದಿನ ಅದು. ಸೋವಿಯತ್ ಸೇನೆಯಲ್ಲಿ ಹೋರಾಡಿದ ಯಹೂದಿ ಮುದುಕರು ಎದೆಯ ತುಂಬ ಪದಕ ಹಚ್ಚಿಕೊಂಡು ಇಲ್ಲಿ ಮೆರವಣಿಗೆ ಹೊರಡುತ್ತಿದ್ದರು. ಆ ಪದಕಗಳ ಕಿತ್ತಳೆ–ಕಪ್ಪು ರಿಬ್ಬನ್ 2014ರ ನಂತರ ಪುಟಿನ್ ಆಡಳಿತದ ಗುರುತಾಗಿಬಿಟ್ಟಿತು. ಅಜ್ಜನಿಗೆ ಅದು ಹಿಟ್ಲರನನ್ನು ಸೋಲಿಸಿದ ನೆನಪು, ಉಕ್ರೇನಿನ ಹಾರ್ಕಿವ್‌ನಿಂದ ಬಂದ ಪಕ್ಕದ ಮನೆಯ ಹುಡುಗಿಗೆ ಮನೆ ಮುರಿದವರ ಬಾವುಟ. ಅದೇ ಲಿಫ್ಟಿನಲ್ಲಿ ಇಬ್ಬರೂ ಏರಿಳಿಯಬೇಕು. ಉಕ್ರೇನಿನಿಂದ ಬಂದವರಲ್ಲಿ ಹಲವರು ರಷ್ಯನ್ನನ್ನೇ ಮನೆಮಾತಾಗಿ ಬೆಳೆದವರು. ಕೆಲವರು ಅಂಗಡಿಯಲ್ಲಿ ಬೇಕೆಂದೇ ಉಕ್ರೇನಿಯನ್ನಿನಲ್ಲಿ ಕೇಳುತ್ತಾರೆ. ಕೌಂಟರಿನವಳು ರಷ್ಯನ್ನಿನಲ್ಲಿ ಉತ್ತರಿಸುತ್ತಾಳೆ. ಸಾಮಾನು ಮಾತ್ರ ಕೈಬದಲಾಗುತ್ತದೆ.

ನಡೆದು ನೋಡುವವರಿಗೆ

ಮಕ್ಕಳ ಮನೆಗೆಂದು ನ್ಯೂಜೆರ್ಸಿಗೆ ಬಂದ ಕನ್ನಡಿಗರು ಕೋನಿ ಐಲೆಂಡ್ ಕಡಲತೀರ ನೋಡಿ ಹಿಂದಿರುಗುತ್ತಾರೆ. ಬ್ರೈಟನ್ ಬೀಚ್ ಅದರ ಪಕ್ಕದ್ದೇ, ಮೂರು ನಿಲ್ದಾಣ ಹಿಂದೆ. ಮ್ಯಾನ್‌ಹಟನ್ನಿನ ಟೈಮ್ಸ್ ಸ್ಕ್ವೇರಿನಿಂದ 'ಕ್ಯೂ' ರೈಲು ಹಿಡಿದರೆ ಹೆಚ್ಚುಕಡಿಮೆ ಒಂದು ಗಂಟೆ. 2026ರ ಜನವರಿಯಿಂದ ಟಿಕೆಟ್ 3 ಡಾಲರ್. ಹಳೆಯ ಮೆಟ್ರೋಕಾರ್ಡ್ ಮಾರಾಟ ನಿಂತಿದೆ, ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ತಾಗಿಸಿದರೆ ಆಯಿತು. 'ಬಿ' ರೈಲು ಕೂಡ ಇಲ್ಲಿಗೆ ಬರುತ್ತದೆ, ಬ್ರೂಕ್ಲಿನ್ನಿನಲ್ಲಿ ಕಡಿಮೆ ನಿಲುಗಡೆ. ಆದರೆ ಅದು ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ, ತಡರಾತ್ರಿ ಇಲ್ಲ. ಶನಿವಾರ ಪ್ಲಾಟ್‌ಫಾರಂನಲ್ಲಿ 'ಬಿ'ಗಾಗಿ ಕಾದು ನಿಂತವರು ಬೇಸತ್ತು ವಾಪಸ್ಸಾಗುವುದುಂಟು. 'ಕ್ಯೂ' ರೈಲು ಮ್ಯಾನ್‌ಹಟನ್ ಸೇತುವೆಯ ದಕ್ಷಿಣ ಬದಿಯ ಹಳಿಯಲ್ಲಿ ನದಿ ದಾಟುತ್ತದೆ. ಹೋಗುವಾಗ ಬಲಗಡೆ ಕಿಟಕಿ ಹಿಡಿದರೆ ಬ್ರೂಕ್ಲಿನ್ ಸೇತುವೆ ಇಡಿಯಾಗಿ ಕಾಣುತ್ತದೆ.

ಇಳಿದ ಮೇಲೆ ಮೊದಲ ತೊಡಕು ವಿಳಾಸದ್ದು. 'ಬ್ರೈಟನ್ 4ನೇ ಸ್ಟ್ರೀಟ್' ಹುಡುಕುತ್ತ ಹೋದರೆ ಅದೇ ನಂಬರಿನ ಟೆರೇಸೋ ಕೋರ್ಟೋ ಎದುರಾಗುತ್ತದೆ. ಸ್ಟ್ರೀಟ್, ಪ್ಲೇಸ್, ಲೇನ್, ವಾಕ್ ಎಲ್ಲಕ್ಕೂ 'ಬ್ರೈಟನ್' ಎಂದೇ ಮೊದಲ ಪದ. ನಂಬರು ಒಂದೇ, ಬಾಲ ಬೇರೆ. ಟ್ಯಾಕ್ಸಿಯವರೂ ಊಟ ತರುವ ಹುಡುಗರೂ ಎಡವುವುದು ಇಲ್ಲೇ. ವಿಳಾಸ ಬರೆದುಕೊಳ್ಳುವಾಗ ಕೊನೆಯ ಪದ ಬಿಡಬಾರದು. ಇಂಥ ಸಂದಿಗಳಲ್ಲಿ 1920ರ ದಶಕದ ಬೇಸಿಗೆ ಬಂಗಲೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಹೆಸರಿಗೆ ಬಂಗಲೆ, ನೋಡಿದರೆ ನಮ್ಮ ವಠಾರದ ಮನೆಗಿಂತ ಸ್ವಲ್ಪ ದೊಡ್ಡದು. 2012ರ ಅಕ್ಟೋಬರ್ 29ರ ಸ್ಯಾಂಡಿ ಚಂಡಮಾರುತದಲ್ಲಿ ಕಡಲ ನೀರು ನುಗ್ಗಿದಾಗ ಹೆಚ್ಚು ಪೆಟ್ಟು ತಿಂದದ್ದು ಇಂಥ ತಗ್ಗಿನ ಮನೆಗಳು, ನೆಲಮಾಳಿಗೆಗಳು.

ಎರಡನೇ ತೊಡಕು ಲಿಪಿ. ಎಲ್ಲ ಅಕ್ಷರ ಕಲಿಯಬೇಕಿಲ್ಲ, ಮೋಸ ಮಾಡುವ ಐದನ್ನು ಕಲಿತರೆ ಸಾಕು. ಇಂಗ್ಲಿಷಿನ 'ಪಿ'ಯಂತೆ ಕಾಣುವುದು 'ರ'; 'ಸಿ'ಯಂತೆ ಕಾಣುವುದು 'ಸ'; 'ಎಚ್' ಎಂದರೆ 'ನ'; 'ಬಿ' ಎಂದರೆ 'ವ'; 'ಎಕ್ಸ್' ಎಂದರೆ ಗಂಟಲಿನ 'ಖ'. ಈಗ ಬೋರ್ಡಿನ ಮೇಲೆ ಪಿ–ಇ–ಸಿ–ಟಿ–ಒ–ಪಿ–ಎ–ಎಚ್ ಎಂದು ಕಂಡದ್ದನ್ನು ಓದಿ: ರೆ–ಸ್–ತೊ–ರಾ–ನ್. ರೆಸ್ಟೊರೆಂಟು! 'ಆಪ್ತೇಕಾ' ಔಷಧಿ ಅಂಗಡಿ, 'ಪ್ರೊದೂಕ್ತಿ' ದಿನಸಿ. 'ನೊತಾರಿಯುಸ್' ಎಂಬ ಬೋರ್ಡಿನ ಬಗ್ಗೆ ಮುಂದೆ ಹೇಳಬೇಕು, ಅದರಲ್ಲಿ ಅಪಾಯವಿದೆ.

ತಿನ್ನುವುದಕ್ಕೆ 'ತಾಷ್ಕೆಂಟ್ ಸೂಪರ್‌ಮಾರ್ಕೆಟ್'ನ ಬಿಸಿ ಊಟದ ಸಾಲನ್ನು ನೋಡದೆ ಬರಬಾರದು. ರುಚಿಗಿಂತ ಹೆಚ್ಚಾಗಿ ಅದು ಸೋವಿಯತ್ ಭೂಪಟ ಎಂಬ ಕಾರಣಕ್ಕೆ. 'ಪ್ಲೋವ್' ಎಂಬುದು ನಮ್ಮ ಪಲಾವಿನ ದಾಯಾದಿ: ಅಕ್ಕಿ, ಕುರಿಮಾಂಸ, ಉದ್ದುದ್ದ ಹೆಚ್ಚಿದ ಕ್ಯಾರೆಟ್, ಕೆಲವೊಮ್ಮೆ ಕಾಬೂಲಿ ಕಡಲೆ. 'ಸಂಸಾ' ಎಂಬುದು ತಂದೂರಿನ ಒಳಗೋಡೆಗೆ ಅಂಟಿಸಿ ಬೇಯಿಸಿದ ಸಮೋಸಾ. ಪಕ್ಕದಲ್ಲಿ ಜಾರ್ಜಿಯಾದ ಚೀಸ್ ರೊಟ್ಟಿ 'ಖಚಪುರಿ', ಉಯ್ಗುರರ ಕೈಯಲ್ಲೆಳೆದ ನೂಡಲ್ 'ಲಗ್ಮಾನ್', ಉಕ್ರೇನಿನ ಆಲೂಗಡ್ಡೆ ಕಡುಬು 'ವರೇನಿಕಿ'. ಇವುಗಳ ನಡುವೆ ಬೆಳ್ಳುಳ್ಳಿ, ವಿನೆಗರ್ ಹಾಕಿದ ಕ್ಯಾರೆಟ್ ಕೋಸಂಬರಿಯೊಂದಿದೆ. ಅದಕ್ಕೆ 'ಕೊರಿಯನ್ ಕ್ಯಾರೆಟ್' ಎನ್ನುತ್ತಾರೆ, ಕೊರಿಯಾದಲ್ಲಿ ಅಂಥದ್ದು ಇಲ್ಲ. ಸ್ಟಾಲಿನ್ 1937ರಲ್ಲಿ ಪೂರ್ವ ಗಡಿಯ ಕೊರಿಯನ್ನರನ್ನು ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಸಾಗಿಸಿದ. ಕಿಮ್ಚಿಗೆ ಬೇಕಾದ ಕೋಸು ಅಲ್ಲಿ ಸಿಗದೆ ಅವರು ಕ್ಯಾರೆಟ್ಟಿನಲ್ಲಿ ಮಾಡಿಕೊಂಡರು.

ಇಲ್ಲಿ ಬೆಲೆ ತೂಕಕ್ಕೆ, ಪೌಂಡಿನ ಲೆಕ್ಕದಲ್ಲಿ. ಒಂದು ಪೌಂಡ್ ಸುಮಾರು 454 ಗ್ರಾಂ. ಪ್ಲೋವ್ ಭಾರದ ಪದಾರ್ಥ, ಡಬ್ಬಿ ತುಂಬಿಸಿದರೆ ಎರಡು ಪೌಂಡಿಗೆ ಹತ್ತಿರವಾಗುತ್ತದೆ. ಬಿಸಿ ಅಡುಗೆಯ ಮೇಲೆ ಶೇ 8.875 ಮಾರಾಟ ತೆರಿಗೆ ಬೀಳುತ್ತದೆ, ಹಸಿ ದಿನಸಿಗೆ ಇಲ್ಲ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: 'ಬೆಜ್ ಮ್ಯಾಸ', ಅಂದರೆ ಮಾಂಸವಿಲ್ಲದ್ದು, ಎಂದು ಕೇಳಿದರೆ ಸಾಲದು. ಮಾಂಸವೆಂದರೆ ದನ, ಕುರಿ, ಹಂದಿ ಎಂದಷ್ಟೇ ಎಣಿಸಿ ಕೋಳಿ ಅಥವಾ ಮೀನು ಕೊಟ್ಟುಬಿಡುವುದುಂಟು. ಕೋಳಿ, ಮೀನು, ಮಾಂಸದ ಸಾರು ಮೂರನ್ನೂ ಬೇರೆಬೇರೆ ಹೆಸರಿಸಿ ಕೇಳಬೇಕು. ಆಲೂಗಡ್ಡೆ ಅಥವಾ ಎಲೆಕೋಸಿನ 'ಪಿರೊಜ್ಕಿ', ಚೆರ್ರಿ ಹಣ್ಣಿನ ವರೇನಿಕಿ, ಹೆಚ್ಚುಕಡಿಮೆ ನಮ್ಮ ಪನೀರಿನ ಪುಡಿಯಂತಿರುವ 'ತ್ವೊರೋಗ್' ಸುರಕ್ಷಿತ.

ಸಾಲಿನಲ್ಲಿ ನಿಲ್ಲುವ ರೀತಿಯೂ ಬೇರೆ. ಬಂದವರು 'ಕ್ತೊ ಪಸ್ಲೇದ್ನಿ?', ಅಂದರೆ ಕೊನೆಯವರು ಯಾರು, ಎಂದು ಕೇಳಿ ಅವರ ಮುಖ ಗುರುತಿಟ್ಟುಕೊಂಡು ಆಚೀಚೆ ಓಡಾಡುತ್ತಿರುತ್ತಾರೆ. ಖಾಲಿ ಕಂಡಿತೆಂದು ನೀವು ಕೌಂಟರಿಗೆ ಹೋದರೆ ಎಲ್ಲಿಂದಲೋ ನಾಲ್ಕು ಜನ ತಿರುಗಿಬೀಳುತ್ತಾರೆ. ಒರಟುತನವಲ್ಲ ಅದು, ನೀವು ಕಾಣದ ಸಾಲನ್ನು ಮುರಿದಿದ್ದೀರಿ. ಅಪರಿಚಿತರಿಗೆ 'ವಿ', ಆಪ್ತರಿಗೆ 'ತಿ' ಎಂಬ ನೀವು–ನೀನು ಭೇದ ರಷ್ಯನ್ನಿನಲ್ಲೂ ಇದೆ. ಅಜ್ಜಿಯರ ಹತ್ತಿರ 'ತಿ' ಬಳಸಿದರೆ ಕೆಲಸ ಕೆಟ್ಟಂತೆಯೇ.

ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ. ರಸ್ತೆಯಿಂದ ಕಡಲಿಗೆ ಐದೇ ನಿಮಿಷ. 1923ರಲ್ಲಿ ತೆರೆದ ರೀಗಲ್‌ಮನ್ ಮರದ ಹಾಸುದಾರಿ ಸುಮಾರು 4.3 ಕಿಲೋಮೀಟರ್ ಉದ್ದವಿದೆ, ಪ್ರವೇಶ ಉಚಿತ. ಹಾಸುದಾರಿಯ ಮೇಲಿನ ಹೋಟೆಲುಗಳಲ್ಲಿ ನೋಟಕ್ಕೂ ಸೇರಿಸಿ ಬಿಲ್ಲು ಬರುತ್ತದೆ. ಬೆಂಚುಗಳ ಮೇಲೆ ಚೆಸ್, ಡಾಮಿನೋ ಆಡುವ ಮುದುಕರನ್ನು ಕೇಳದೆ ಫೋಟೋ ತೆಗೆಯಬಾರದು.

ಬಾಡಿಗೆ, ಆಪ್ತೇಕಾ, ಮನೆಗೆ ಬರುವ ಆರೈಕೆಯವಳು

ಇಷ್ಟು ಸುತ್ತಿದವರ ಗಮನಕ್ಕೆ ಬರಲೇಬೇಕಾದ ಸಂಗತಿ: ಬೀದಿಯಲ್ಲಿ ಮುದುಕರು ಹೆಚ್ಚು, ಔಷಧಿ ಅಂಗಡಿಗಳು ಅದಕ್ಕಿಂತ ಹೆಚ್ಚು. ಮಕ್ಕಳು ಓದಿ, ಸಂಪಾದಿಸಿ, ಸ್ಟೇಟನ್ ಐಲೆಂಡಿಗೋ ನ್ಯೂಜೆರ್ಸಿಯ ಮಾರ್ಲ್‌ಬರೊ, ಫೇರ್‌ಲಾನ್‌ನಂಥ ಊರುಗಳಿಗೋ ಹೋಗಿಯಾಯಿತು. ಅಲ್ಲಿ ಅವರ ಅಕ್ಕಪಕ್ಕ ಭಾರತದ ಐಟಿ ಕುಟುಂಬಗಳಿವೆ. ಅಮೆರಿಕದ ಎಷ್ಟೋ ಕನ್ನಡ ಮನೆಗಳ ಮಕ್ಕಳು ಶನಿವಾರ ಹೋಗುವ 'ರಷ್ಯನ್ ಸ್ಕೂಲ್ ಆಫ್ ಮ್ಯಾಥಮ್ಯಾಟಿಕ್ಸ್' ಕೂಡ ಇದೇ ಸೋವಿಯತ್ ವಲಸೆಯ ಕೂಸು. 1997ರಲ್ಲಿ ಬಾಸ್ಟನ್ ಬಳಿ ಶುರುವಾದದ್ದು. ನ್ಯೂಜೆರ್ಸಿಯಲ್ಲಿ ಭಾಷೆ ಗಣಿತದ ಬ್ರ್ಯಾಂಡಾಗಿ ಉಳಿಯಿತು. ಬ್ರೈಟನ್ನಿನಲ್ಲಿ ಅದು ದಿನನಿತ್ಯದ ಅಗತ್ಯವಾಗಿಯೇ ಉಳಿಯಿತು, ಯಾಕೆಂದರೆ ಅಲ್ಲಿ ಉಳಿದವರು 70 ದಾಟಿದವರು.

ಅವರು ಅಲ್ಲೇ ಇರುವುದಕ್ಕೆ ಕಾರಣ ಬಾಡಿಗೆ ಕಾನೂನು. 1974ಕ್ಕೆ ಮುಂಚೆ ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಲ್ಲಿ ಬಾಡಿಗೆ ಎಷ್ಟು ಏರಬೇಕೆಂದು ಮಾಲೀಕ ನಿರ್ಧರಿಸುವಂತಿಲ್ಲ, ನಗರದ ಮಂಡಳಿ ನಿರ್ಧರಿಸುತ್ತದೆ. ಬ್ರೈಟನ್ನಿನ ಹಳೆಯ ಇಟ್ಟಿಗೆ ಕಟ್ಟಡಗಳು ಬಹುಪಾಲು ಈ ಲೆಕ್ಕಕ್ಕೆ ಬರುತ್ತವೆ. 62 ದಾಟಿ, ಆದಾಯ ನಿಗದಿತ ಮಿತಿಯೊಳಗಿದ್ದು, ಅದರ ಮೂರನೇ ಒಂದಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುತ್ತಿದ್ದರೆ ಅರ್ಜಿ ಹಾಕಿ ಏರಿಕೆಯನ್ನು ಅಲ್ಲಿಗೇ ತಡೆಯಬಹುದು. ಬಾಡಿಗೆದಾರರು ತೀರಿಕೊಂಡರೆ, ಕೊನೆಯ ಎರಡು ವರ್ಷ ಜೊತೆಗೇ ಇದ್ದ ಮಗ ಅಥವಾ ಮೊಮ್ಮಗಳಿಗೆ ಅದೇ ಕರಾರು ಮುಂದುವರಿಯುತ್ತದೆ. ವೃದ್ಧರಿಗೂ ಅಂಗವಿಕಲರಿಗೂ ಒಂದೇ ವರ್ಷ ಸಾಕು. ಹೆಚ್ಚಿನವರು ಸೋಲುವುದು ಈ 'ಜೊತೆಗಿದ್ದದ್ದನ್ನು' ಸಾಬೀತು ಮಾಡುವಲ್ಲಿ. ತೆರಿಗೆ ಪತ್ರ, ಬ್ಯಾಂಕಿನ ಪತ್ರ, ಚಾಲನಾ ಪರವಾನಗಿ ಎಲ್ಲದರಲ್ಲೂ ಆ ವಿಳಾಸವೇ ಇರಬೇಕು. ಮೊಮ್ಮಗಳು ಅಜ್ಜಿಯ ಸೇವೆ ಮಾಡುತ್ತಲೇ ಇದ್ದರೂ ಕಾಗದಗಳು ನ್ಯೂಜೆರ್ಸಿಯ ವಿಳಾಸಕ್ಕೆ ಬರುತ್ತಿದ್ದರೆ ಮನೆ ಹೋಯಿತು.

ಹೊಸಬರ ಪಾಡು ಬೇರೆ. ಮಾಲೀಕರು ಸಾಮಾನ್ಯವಾಗಿ ತಿಂಗಳ ಬಾಡಿಗೆಯ 40 ಪಟ್ಟು ವಾರ್ಷಿಕ ಆದಾಯವನ್ನೂ ಒಳ್ಳೆಯ ಕ್ರೆಡಿಟ್ ಅಂಕವನ್ನೂ ಕೇಳುತ್ತಾರೆ. ಬಂದು ಮೂರು ತಿಂಗಳಾದವರ ಹತ್ತಿರ ಎರಡೂ ಇರುವುದಿಲ್ಲ. ಹಾಗಾಗಿ ರಷ್ಯನ್ ಜಾಹೀರಾತು ನೋಡಿ ಯಾರದೋ ಮನೆಯ ಒಂದು ಕೋಣೆ ಹಿಡಿದು, ನಗದು ಕೊಟ್ಟು, ರಸೀದಿ ಇಲ್ಲದೆ ಇರುತ್ತಾರೆ. ಆಮೇಲೆ ಮಕ್ಕಳ ಶಾಲೆಗೆ, ನಗರದ ಗುರುತಿನ ಚೀಟಿಗೆ ವಿಳಾಸದ ಪುರಾವೆ ಕೇಳಿದಾಗ ಪರದಾಟ. ನಗದಿಗೆ ರಸೀದಿ ಕೊಡಬೇಕೆಂದು ರಾಜ್ಯದ ಕಾನೂನೇ ಇದೆ. 2019ರಿಂದ ಮುಂಗಡ ಠೇವಣಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ. (ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ಬೆಂಗಳೂರಿನವರು ಇಲ್ಲೊಮ್ಮೆ ನಿಟ್ಟುಸಿರು ಬಿಡಬಹುದು.) 2025ರ ಜೂನ್‌ನಿಂದ ದಲ್ಲಾಳಿಯ ಕಮಿಷನ್ ಅವನನ್ನು ನೇಮಿಸಿಕೊಂಡವರದ್ದೇ ಹೊಣೆ, ಮಾಲೀಕ ಕರೆಸಿದ ದಲ್ಲಾಳಿಗೆ ಬಾಡಿಗೆದಾರ ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ಓದಲು ಬಾರದವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ತಮ್ಮ ಭಾಷೆಯವನೇ ಎಂಬ ನಂಬಿಕೆಯೇ ಇಲ್ಲಿ ದುಬಾರಿಯಾಗುತ್ತದೆ.

ಕೇರಿಯ ದೊಡ್ಡ ಉದ್ಯೋಗದಾತ ಹೋಟೆಲುಗಳಲ್ಲ, ಮುದುಕರ ಆರೈಕೆ. ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಮನೆಗೆ ಬರುವ ಸಹಾಯಕಿಯ ಸಂಬಳ ಕೊಡುತ್ತದೆ. ಒಡೆಸ್ಸಾದ ಅಜ್ಜಿಗೆ ಸ್ನಾನ ಮಾಡಿಸುವುದು, ಮಾತ್ರೆ ನುಂಗಿಸುವುದು, ಬೋರ್ಷ್ ಸಾರು ಕಾಯಿಸುವುದು ಹೆಚ್ಚಾಗಿ ಮಧ್ಯ ಏಷ್ಯಾ, ಜಾರ್ಜಿಯಾ, ಉಕ್ರೇನಿನಿಂದ ಈಚೆಗೆ ಬಂದ ಹೆಂಗಸರು. ನ್ಯೂಯಾರ್ಕಿನ ಒಂದು ಯೋಜನೆಯಲ್ಲಿ ರೋಗಿ ತಾನೇ ಆರಿಸಿದವರನ್ನು, ಮಗಳನ್ನೂ ಸೇರಿ, ನೇಮಿಸಿಕೊಳ್ಳಬಹುದು; ಗಂಡ ಹೆಂಡತಿ ಮಾತ್ರ ಒಬ್ಬರಿಗೊಬ್ಬರು ಸಂಬಳದವರಾಗುವಂತಿಲ್ಲ. ನೂರಾರು ಮಧ್ಯವರ್ತಿ ಕಂಪನಿಗಳು ನಡೆಸುತ್ತಿದ್ದ ಸಂಬಳ ಪಾವತಿಯನ್ನು 2025ರ ಏಪ್ರಿಲ್‌ನಿಂದ ರಾಜ್ಯ ಒಂದೇ ಕಂಪನಿಗೆ ವಹಿಸಿತು. ಆ ಹಿಂದಿನ ಕಂಪನಿಗಳಲ್ಲಿ ರಷ್ಯನ್ ಮಾತಾಡುವ ಗುಮಾಸ್ತೆ ಫೋನೆತ್ತುತ್ತಿದ್ದಳು. ಬ್ರೈಟನ್ನಿಗೆ ತಟ್ಟಿದ್ದು ಅದರ ಕೊರತೆ.

ಇದೇ ಜನ ಮತಗಟ್ಟೆಯಲ್ಲಿ ಬಲಕ್ಕೆ ವಾಲುತ್ತಾರೆ. ಸರ್ಕಾರದ ನೆರವಿನಲ್ಲಿ ಬದುಕುತ್ತ 'ಸಮಾಜವಾದ' ಎಂದರೆ ಸಿಡಿಮಿಡಿಗೊಳ್ಳುವುದನ್ನು ಇಬ್ಬಂದಿತನ ಎಂದು ಗೇಲಿ ಮಾಡುವುದು ಸುಲಭ. ಆದರೆ ಅವರ ಲೆಕ್ಕದಲ್ಲಿ ಸಮಾಜವಾದವೆಂದರೆ ಪಿಂಚಣಿಯಲ್ಲ, ಐದನೇ ಸಾಲು. ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿ ರಾಜ್ಯ ಶಾಸನಸಭೆಗೆ ಮೊದಲು ಆಯ್ಕೆಯಾದ ಅಲೆಕ್ ಬ್ರೂಕ್–ಕ್ರಾಸ್ನಿ 2006ರಲ್ಲಿ ಡೆಮಾಕ್ರಟ್ ಆಗಿ ಗೆದ್ದವರು. 2022ರಲ್ಲಿ ಗೆದ್ದದ್ದು ರಿಪಬ್ಲಿಕನ್ ಆಗಿ. ಮತಪತ್ರದ ವಿಷಯದಲ್ಲಿ ಇನ್ನೊಂದು ಸೋಜಿಗ. ಭಾಷಾ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲಿ ಮತಪತ್ರ ಕೊಡಬೇಕೆನ್ನುವ ಫೆಡರಲ್ ಕಾನೂನಿನ 203ನೇ ಕಲಮು ಸ್ಪ್ಯಾನಿಷ್, ಏಷ್ಯಾದ ಮತ್ತು ಮೂಲನಿವಾಸಿ ಸಮುದಾಯಗಳನ್ನಷ್ಟೇ ಹೆಸರಿಸುತ್ತದೆ. ರಷ್ಯನ್ ಅದರಲ್ಲಿಲ್ಲ. ನಗರದ 2017ರ ಸ್ಥಳೀಯ ಕಾನೂನು 30 ಮಾತ್ರ ಇಲಾಖೆಗಳ ಮುಖ್ಯ ಕಾಗದಗಳನ್ನು ಅನುವಾದಿಸಬೇಕಾದ ಹತ್ತು ಭಾಷೆಗಳಲ್ಲಿ ರಷ್ಯನ್ನನ್ನು ಸೇರಿಸಿತು. ಬಂಗಾಳಿ, ಉರ್ದು ಕೂಡ ಅದರಲ್ಲಿವೆ.

ಎರಡು ಡಾಲರಿನ ಸಹಿ

ಈಗ ಆ 'ನೊತಾರಿಯುಸ್' ಬೋರ್ಡಿಗೆ ಬರೋಣ. ರಷ್ಯಾದಲ್ಲೂ ಉಕ್ರೇನಿನಲ್ಲೂ ನೊತಾರಿಯುಸ್ ಎಂದರೆ ಕಾನೂನು ಓದಿದ, ಸರ್ಕಾರ ನೇಮಿಸಿದ ತೂಕದ ಮನುಷ್ಯ. ನ್ಯೂಯಾರ್ಕಿನಲ್ಲಿ ನೋಟರಿ ಎಂದರೆ ಒಂದು ಪರೀಕ್ಷೆ ಪಾಸು ಮಾಡಿ, 'ಇವರು ನನ್ನೆದುರು ಸಹಿ ಹಾಕಿದರು' ಎಂದು ಮುದ್ರೆ ಒತ್ತುವವನು. ಆ ಮುದ್ರೆಗೆ ಕಾನೂನು ನಿಗದಿ ಮಾಡಿದ ಶುಲ್ಕ 2 ಡಾಲರ್. ಒಂದೇ ಪದದ ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ ವಂಚನೆ ಬೆಳೆದಿದೆ. ಆಶ್ರಯ ಕೋರುವ ಅರ್ಜಿಗೆ ಸಾವಿರಾರು ಡಾಲರ್ ಪಡೆದು, ಹತ್ತು ಜನರಿಗೂ ಒಂದೇ ಕಥೆ ಬರೆದುಕೊಟ್ಟು, ನ್ಯಾಯಾಧೀಶರ ಮುಂದೆ ಎಲ್ಲರೂ ಸಿಕ್ಕಿಬೀಳುವುದು ಮಾಮೂಲು. ಇಂಥ ಕಟ್ಟುಕಥೆಯ ದಂಧೆಗಳ ಮೇಲೆ ಫೆಡರಲ್ ಮೊಕದ್ದಮೆಗಳೂ ನಡೆದಿವೆ.

ಆಶ್ರಯದ ಅರ್ಜಿಯ ಬಗ್ಗೆ ಕಾನೂನು ಸಲಹೆ ಕೊಡಬಲ್ಲವರು ವಕೀಲರು, ಇಲ್ಲವೇ ಕಾನೂನು ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿ ಮಾತ್ರ. ಬಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ಹೋಗಿ 150 ದಿನವಾದ ಮೇಲೆ ಕೆಲಸದ ಪರವಾನಗಿ ಕೇಳಬಹುದು, 180 ದಿನದ ಮುಂಚೆ ಅದು ಸಿಗದು. 2025ರ ಜುಲೈನಿಂದ ಅರ್ಜಿಗೇ 100 ಡಾಲರ್ ಶುಲ್ಕ ಬಂದಿದೆ. ವಕೀಲರಲ್ಲದವರು ಅರ್ಜಿ ತುಂಬಿಕೊಡುವುದಾದರೆ ಗ್ರಾಹಕನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಕರಾರು ಕೊಡಬೇಕು, ಮೂರು ಕೆಲಸದ ದಿನಗಳೊಳಗೆ ಅದನ್ನು ರದ್ದು ಮಾಡುವ ಹಕ್ಕು ಗ್ರಾಹಕನಿಗಿದೆ. ಕರಾರು ಕೇಳಿದಾಗ ಎದುರಿಗಿರುವವನ ಮುಖ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ.

ವೃದ್ಧರಿಗೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ದುಡಿಮೆಯ ದಾಖಲೆ ಇಲ್ಲದ 65 ದಾಟಿದ ಬಡವರಿಗೆ ಕೊಡುವ ಎಸ್‌ಎಸ್‌ಐ ಎಂಬ ಮಾಸಾಶನ ನಿರಾಶ್ರಿತರಿಗೂ ಆಶ್ರಯ ಪಡೆದವರಿಗೂ ಏಳು ವರ್ಷ ಮಾತ್ರ. ಅಷ್ಟರಲ್ಲಿ ಪೌರತ್ವ ಸಿಗಬೇಕು. ನಿರಾಶ್ರಿತರಾಗಿ ಬಂದವರ ಗ್ರೀನ್ ಕಾರ್ಡಿಗೆ ಬಂದಿಳಿದ ದಿನವೇ ತಾರೀಖು, ಐದು ವರ್ಷಕ್ಕೆ ಪೌರತ್ವದ ಅರ್ಜಿ ಹಾಕಬಹುದು. ಇಲ್ಲಿಗೆ ಬಂದ ಮೇಲೆ ಆಶ್ರಯ ಪಡೆದವರಿಗೆ ಆ ತಾರೀಖು ಒಂದೇ ವರ್ಷ ಹಿಂದಕ್ಕೆ ಹೋಗುತ್ತದೆ. ಗ್ರೀನ್ ಕಾರ್ಡೇ ಮೂರ‍್ನಾಲ್ಕು ವರ್ಷ ತಡವಾದರೆ ಏಳು ವರ್ಷ ದಾಟಿಹೋಗುತ್ತದೆ. ಪರೀಕ್ಷೆಯೂ ಕಷ್ಟವಾಗಿದೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿಯಿಂದ 20ರವರೆಗೆ ಕೇಳುತ್ತಾರೆ, 12 ಸರಿಯಿರಬೇಕು. ಮೊದಲು 100ರಲ್ಲಿ 10, ಅದರಲ್ಲಿ 6 ಸಾಕಿತ್ತು. 55 ದಾಟಿ ಗ್ರೀನ್ ಕಾರ್ಡ್ ಪಡೆದು 15 ವರ್ಷವಾದವರು ದುಭಾಷಿಯ ಮೂಲಕ ರಷ್ಯನ್ನಿನಲ್ಲೇ ಉತ್ತರಿಸಬಹುದು. ಹೊಸದಾಗಿ ಬಂದ 75ರ ಅಜ್ಜನಿಗೆ ಈ ವಿನಾಯಿತಿ ಸಿಗುವ ಹೊತ್ತಿಗೆ 90.

ಉಕ್ರೇನಿನಿಂದ 2022ರ ನಂತರ ಬಂದವರ ಪೈಕಿ ಬಹಳ ಮಂದಿಗೆ ನಿರಾಶ್ರಿತ ಸ್ಥಾನವೂ ಇಲ್ಲ. ಪ್ರಾಯೋಜಕರ ಮೂಲಕ ಬರಮಾಡಿಕೊಳ್ಳುತ್ತಿದ್ದ 'ಯುನೈಟಿಂಗ್ ಫಾರ್ ಯುಕ್ರೇನ್' ಯೋಜನೆಗೆ 2025ರ ಜನವರಿಯಲ್ಲಿ ತಡೆ ಬಿತ್ತು. 2025ರ ಜುಲೈನ ಕಾಯ್ದೆ ಗ್ರೀನ್ ಕಾರ್ಡ್ ಇಲ್ಲದ ನಿರಾಶ್ರಿತರು, ಆಶ್ರಯ ಪಡೆದವರು, ಈ ಯೋಜನೆಯಲ್ಲಿ ಬಂದವರು ಎಲ್ಲರನ್ನೂ ಆಹಾರ ನೆರವಿನ ಪಟ್ಟಿಯಿಂದ ಕೈಬಿಟ್ಟಿತು. ಉಳಿದ ಆಸರೆ ತಾತ್ಕಾಲಿಕ ರಕ್ಷಣಾ ಸ್ಥಾನ. 2023ರ ಆಗಸ್ಟ್ 16ರಿಂದ ಇಲ್ಲಿರುವ ಉಕ್ರೇನಿಯನ್ನರಿಗೆ ಅದು ಅನ್ವಯ, 2026ರ ಅಕ್ಟೋಬರ್ 19ಕ್ಕೆ ಅದರ ಅವಧಿ. ಬಾಡಿಗೆ ನಿಯಂತ್ರಣದ ಮನೆಗಳಲ್ಲಿ ಕರಾರು ನವೀಕರಿಸುವಾಗ ಒಂದು ವರ್ಷದ್ದೋ ಎರಡು ವರ್ಷದ್ದೋ ಎಂದು ಬಾಡಿಗೆದಾರರೇ ಆರಿಸಬಹುದು. ಎರಡು ವರ್ಷದ್ದು ಸಾಮಾನ್ಯವಾಗಿ ಲಾಭ, ಏರಿಕೆ ಒಮ್ಮೆಗೇ ಮುಗಿಯುತ್ತದೆ. ಈ ಬಾರಿ ಅಂಥ ಕರಾರಿಗೆ ಸಹಿ ಹಾಕಿದವರ ಬಾಡಿಗೆಪತ್ರ ಅವರ ವಾಸದ ಪರವಾನಗಿಗಿಂತ ಉದ್ದವಿದೆ.